ಹಳೆಯ ವಾಹನದ ರಬ್ಬರ್: ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬದಲಿಸಲೇಬೇಕು

ಹಳೆಯ ಕಾರನ್ನೋ ಬೈಕನ್ನೋ ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಬಾಡಿಯ ತುಕ್ಕಿನ ಮೇಲೆ, ಕಿವಿ ಹೋಗುವುದು ಎಂಜಿನ್ನಿನ ಸದ್ದಿನ ಕಡೆಗೆ. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಇದ್ದರೆ ಮನಸ್ಸು ಅರ್ಧ ಒಪ್ಪಿಬಿಡುತ್ತದೆ. ರಬ್ಬರಿನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಆದರೆ ಹದಿನೈದಿಪ್ಪತ್ತು ವರ್ಷ ದಾಟಿದ ವಾಹನ ದಾರಿಯಲ್ಲಿ ನಿಂತುಹೋದಾಗ ಹುಡುಕಿದರೆ ಬಹಳ ಸಲ ಸಿಗುವುದು ಸೀಳಿದ ರೇಡಿಯೇಟರ್ ಹೋಸ್, ತುಂಡಾದ ಬೆಲ್ಟ್, ಗಾಳಿ ಎಳೆಯುತ್ತಿರುವ ಬೆರಳುದ್ದದ ಒಂದು ಪೈಪ್. ಕಬ್ಬಿಣ ಸವೆಯಬೇಕಾದರೆ ವಾಹನ ಓಡಬೇಕು. ರಬ್ಬರ್ ಕೆಡುವುದಕ್ಕೆ ಅದು ನಿಂತಲ್ಲೇ ನಿಂತಿದ್ದರೂ ಸಾಕು. ಹಾಗಾಗಿ ಕಡಿಮೆ ಓಡಿದ ಹಳೆಯ ವಾಹನದ ರಬ್ಬರನ್ನು ಇನ್ನಷ್ಟು ಅನುಮಾನದಿಂದಲೇ ನೋಡಬೇಕು.

ರಬ್ಬರಿನ ಆರೈಕೆ ಎಂದೊಡನೆ ಹೆಚ್ಚಿನವರು ಕೇಳುವುದು ಏನು ಹಚ್ಚಬೇಕು ಎಂದು. ಅದಕ್ಕೂ ಮುಂಚೆ ಇನ್ನೆರಡು ಪ್ರಶ್ನೆಗಳಿವೆ. ಇದು ಯಾವ ಜಾತಿಯ ರಬ್ಬರ್? ಇದು ಕೈಕೊಟ್ಟರೆ ಏನಾಗುತ್ತದೆ? ಈ ಎರಡಕ್ಕೂ ಉತ್ತರ ಸಿಕ್ಕಿತೆಂದರೆ ಕೆಲಸ ಅರ್ಧ ಮುಗಿದಂತೆ. ಬಾಗಿಲಿನ ಬೀಡಿಂಗನ್ನು, ಅಂದರೆ ಅಂಚಿನ ರಬ್ಬರ್ ಪಟ್ಟಿಯನ್ನು, ಆರೈಕೆಯಿಂದ ವರ್ಷಗಟ್ಟಲೆ ಉಳಿಸಿಕೊಳ್ಳಬಹುದು. ಬ್ರೇಕ್ ಹೋಸನ್ನು ಹಾಗೆ ಉಳಿಸಿಕೊಳ್ಳಲು ಹೋಗಲೇಬಾರದು.

ರಬ್ಬರ್ ಕೆಡುವುದು ಹೇಗೆ

ಹಸಿ ರಬ್ಬರ್ ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಸೆಟೆಯುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಮುಟ್ಟಾಗುತ್ತದೆ ಎಂಬುದನ್ನು ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ರಬ್ಬರಿನ ಉದ್ದುದ್ದ ಎಳೆಗಳ ನಡುವೆ ಗಂಧಕ ಕೊಂಡಿ ಹಾಕುತ್ತದೆ. ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುವ ಗುಣ ಬರುವುದು ಆ ಕೊಂಡಿಗಳಿಂದ. ವಾಹನದಲ್ಲಿ ಕೂತ ಮೇಲೂ ಶಾಖ ಮತ್ತು ಆಮ್ಲಜನಕ ಸೇರಿ ಈ ಹೆಣಿಗೆಯನ್ನು ಬದಲಿಸುತ್ತಲೇ ಇರುತ್ತವೆ. ಕೆಲವು ರಬ್ಬರ್‌ಗಳಲ್ಲಿ ಕೊಂಡಿಗಳು ಹೆಚ್ಚುತ್ತಾ ಹೋಗಿ ವಸ್ತು ಕಲ್ಲಾಗುತ್ತದೆ. ಕೆಲವುಗಳಲ್ಲಿ ಎಳೆಗಳೇ ತುಂಡಾಗಿ ಮೆತ್ತಗೆ, ಅಂಟಂಟಾಗುತ್ತದೆ. ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಕ್ರಿಯೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಒಂದು ಸ್ಥೂಲ ಲೆಕ್ಕ. ಎಂಜಿನ್ ಕೋಣೆಯ ರಬ್ಬರ್ ಬಾಗಿಲಿನ ರಬ್ಬರಿಗಿಂತ ಬೇಗ ಸಾಯುವುದು ಇದರಿಂದಲೇ.

ಇನ್ನೊಂದು ಶತ್ರು ಗಾಳಿಯಲ್ಲಿರುವ ಓಝೋನ್. ಪ್ರಮಾಣ ಅತ್ಯಲ್ಪವಾದರೂ ಎಳೆದ ಸ್ಥಿತಿಯಲ್ಲಿರುವ ರಬ್ಬರನ್ನು ಅದು ಸೀಳುತ್ತದೆ. ಗುರುತು ಹಿಡಿಯುವುದು ಸುಲಭ: ಎಳೆತ ಯಾವ ದಿಕ್ಕಿಗಿದೆಯೋ ಅದಕ್ಕೆ ಅಡ್ಡವಾಗಿ ಸಣ್ಣ ಬಿರುಕುಗಳು ಸಾಲಾಗಿ ಏಳುತ್ತವೆ. ಹಳೆಯ ಪೆಟ್ರೋಲ್ ಪೈಪನ್ನು ನೇರವಾಗಿ ಹಿಡಿದರೆ ಏನೂ ಕಾಣುವುದಿಲ್ಲ. ಅದನ್ನೇ ಕಮಾನಿನಂತೆ ಬಗ್ಗಿಸಿ, ಹೊರಬಾಗನ್ನು ಬೆಳಕಿಗೆ ಹಿಡಿಯಿರಿ. ಕೂದಲೆಳೆಯಷ್ಟು ಸಪೂರದ ಗೆರೆಗಳು ಬಾಯಿ ಬಿಡುತ್ತವೆ.

ಟೈರ್ ತಯಾರಿಸುವಾಗ ಓಝೋನ್ ತಡೆಯುವ ರಾಸಾಯನಿಕಗಳನ್ನೂ ಮೇಣವನ್ನೂ ರಬ್ಬರಿನೊಳಗೇ ಬೆರೆಸಿರುತ್ತಾರೆ. ಟೈರ್ ಉರುಳಿ ಬಾಗಿದಾಗ ಅವು ಮೆಲ್ಲಗೆ ಮೇಲ್ಮೈಗೆ ಬಂದು ಕಾವಲಿನ ಪದರ ಕಟ್ಟುತ್ತವೆ. ಟೈರಿನ ಪಕ್ಕದಲ್ಲಿ ಕಾಣುವ ಕಂದು ಛಾಯೆ ಎಷ್ಟೋ ಸಲ ಕೊಳೆಯಲ್ಲ, ಆ ರಕ್ಷಕ ಪದಾರ್ಥವೇ. ಕಡು ಕ್ಲೀನರ್ ಹಾಕಿ ವಾರವಾರ ಉಜ್ಜುವವರು ಅದನ್ನೇ ತೆಗೆದುಹಾಕುತ್ತಾರೆ. ವಾರಕ್ಕೊಮ್ಮೆಯಾದರೂ ಓಡುವ ವಾಹನದ ಟೈರ್ ನಿಂತೇ ಇರುವ ವಾಹನದ ಟೈರಿಗಿಂತ ಚೆನ್ನಾಗಿರುವುದಕ್ಕೆ ಕಾರಣವೂ ಇದೇ.

ಜಾತಿ ತಿಳಿಯದೆ ಏನನ್ನೂ ಹಚ್ಚಬೇಡಿ

ನೋಡಲು ಎಲ್ಲವೂ ಕಪ್ಪು. ಗುಣ ಮಾತ್ರ ಬೇರೆ ಬೇರೆ.

ಎಂಜಿನ್ನನ್ನು ಹೊತ್ತು ನಿಲ್ಲುವ ಮೌಂಟಿಂಗ್ ಮತ್ತು ಸಸ್ಪೆನ್ಷನ್ನಿನ ಕೀಲುಗಳಲ್ಲಿ ಕೂರುವ ಬುಷ್‌ಗಳಲ್ಲಿ ಇರುವುದು ಹೆಚ್ಚಾಗಿ ನೈಸರ್ಗಿಕ ರಬ್ಬರ್. ಅದುರುವಿಕೆಯನ್ನು ಹೀರಿಕೊಳ್ಳುವುದರಲ್ಲಿ, ಲಕ್ಷಗಟ್ಟಲೆ ಬಾರಿ ಬಾಗಿ ಏಳುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. ಎಣ್ಣೆ ಮತ್ತು ಓಝೋನ್ ಎರಡೂ ಅದಕ್ಕೆ ಆಗದು. ಬಾಗಿಲಿನ ಬೀಡಿಂಗ್, ಕೂಲೆಂಟ್ ಹೋಸ್‌ಗಳಲ್ಲಿ ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರ್ ಇರುತ್ತದೆ. ಬಿಸಿಲು, ಓಝೋನ್, ಬಿಸಿನೀರು, ಗ್ಲೈಕಾಲ್ ಆಧಾರಿತ ಬ್ರೇಕ್ ಫ್ಲೂಯಿಡ್ ಎಲ್ಲವನ್ನೂ ತಾಳಿಕೊಳ್ಳುವ ಈ ರಬ್ಬರ್ ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಇಂಧನ ಮತ್ತು ಎಣ್ಣೆಯ ಸಂಗ ಇರುವಲ್ಲೆಲ್ಲ ನೈಟ್ರೈಲ್ ಎಂಬ ಕೃತಕ ರಬ್ಬರ್ ಬಳಸುತ್ತಾರೆ. ಅದು ಎಣ್ಣೆಗೆ ಜಗ್ಗುವುದಿಲ್ಲ, ಓಝೋನಿಗೆ ಬಿರಿಯುತ್ತದೆ. ಹೆಚ್ಚು ಬಿಸಿಯ ಜಾಗದ ಸೀಲ್‌ಗಳಿಗೆ ಫ್ಲೋರೋ ರಬ್ಬರ್. ಇದರ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಬೆಂಕಿಗೆ ಸಿಕ್ಕ ವಾಹನದಲ್ಲಿ ಕರಗಿ ಕರಿಕಲಾದ ಸೀಲ್ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಫ್ಲೋರೋ ರಬ್ಬರ್ ಸುಟ್ಟಾಗ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ, ಅದು ಚರ್ಮದೊಳಗೆ ಇಳಿದು ಗಂಭೀರ ಗಾಯ ಮಾಡುತ್ತದೆ.

ಇಷ್ಟು ತಿಳಿದರೆ ಮನೆಯಲ್ಲಿರುವ ಪೆಟ್ರೋಲಿಯಂ ಜೆಲ್ಲಿ, ಸಾಮಾನ್ಯ ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ, ಡೀಸೆಲ್ ಇವನ್ನು ಬೀಡಿಂಗ್‌ಗೂ ಬುಷ್‌ಗೂ ಹಚ್ಚುವುದು ಏಕೆ ತಪ್ಪೆಂದು ಅರ್ಥವಾಗುತ್ತದೆ. ಹಚ್ಚಿದ ದಿನ ರಬ್ಬರ್ ಕಪ್ಪಗೆ ಮಿಂಚುತ್ತದೆ, ಮೆತ್ತಗೂ ಆಗುತ್ತದೆ. ಆ ಮೆದುತನ ಎಣ್ಣೆ ಒಳಗೆ ನುಗ್ಗಿ ಉಬ್ಬಿಸಿದ್ದರಿಂದ ಬಂದದ್ದು. ಹೊಸತನ ಮರಳಿದ್ದರಿಂದ ಬಂದದ್ದಲ್ಲ. ಹೊರಗಿನ ರಬ್ಬರ್‌ಗೆ ಯಾವುದು ಹಚ್ಚಬೇಕೆಂದು ಗೊತ್ತಾಗದಿದ್ದರೆ ಶುದ್ಧ ಸಿಲಿಕೋನ್ ಗ್ರೀಸನ್ನು ಆರಿಸಿಕೊಳ್ಳಿ. ಅದು ಇಪಿಡಿಎಂ, ನೈಟ್ರೈಲ್, ನೈಸರ್ಗಿಕ ರಬ್ಬರ್ ಯಾವುದಕ್ಕೂ ಹಾನಿ ಮಾಡುವುದಿಲ್ಲ. ಸಿಲಿಕೋನ್ ರಬ್ಬರಿನಿಂದಲೇ ಮಾಡಿದ ಭಾಗಕ್ಕೆ ಮಾತ್ರ ಅದು ಬೇಡ, ಉಬ್ಬುತ್ತದೆ.

ಮೊದಲ ಸುತ್ತು: ಕೈ, ಕಣ್ಣು, ಮೂಗು

ಎಂಜಿನ್ ಪೂರ್ತಿ ತಣ್ಣಗಿರುವ ಹೊತ್ತಿನಲ್ಲಿ, ಹಗಲು ಬೆಳಕಿನಲ್ಲಿ ಶುರು ಮಾಡಿ. ಒಳ್ಳೆಯ ಟಾರ್ಚ್, ಸಣ್ಣ ಕನ್ನಡಿ, ಒಂದು ನೋಟ್‌ಬುಕ್ ಇರಲಿ. ವಾಹನದ ಕೆಳಗೆ ಹೋಗುವುದಾದರೆ ಗಟ್ಟಿ ಸಮನೆಲದ ಮೇಲೆ ಸ್ಟ್ಯಾಂಡ್ ಕೊಟ್ಟೇ ಹೋಗಿ. ಬರೀ ಜಾಕ್ ನಂಬಿ ಕೆಳಗೆ ತೂರುವುದು ಬೇಡ.

ಮುಂದಿನಿಂದ ಹಿಂದಕ್ಕೆ, ಮೇಲಿನಿಂದ ಕೆಳಕ್ಕೆ ಒಂದೇ ಕ್ರಮದಲ್ಲಿ ಸಾಗಿ. ಪ್ರತಿಯೊಂದು ಹೋಸನ್ನೂ ಒತ್ತಿ ನೋಡಿ, ಬಗ್ಗಿಸಿ ನೋಡಿ. ಒರೆಸಿದಾಗ ಕೈಗೆ ಮಸಿಯಂತೆ ಕಪ್ಪು ಹತ್ತಿದರೆ ಮೇಲ್ಪದರ ಸವೆಯುತ್ತಿದೆ. ಉಗುರಿನಿಂದ ಒತ್ತಿದ ಗುರುತು ಕ್ಷಣದಲ್ಲಿ ಮಾಯವಾದರೆ ರಬ್ಬರಿನಲ್ಲಿ ಜೀವ ಇದೆ, ಗುರುತೇ ಬೀಳದಿದ್ದರೆ ಕಲ್ಲಾಗಿದೆ, ಬಿದ್ದ ಗುರುತು ಹಾಗೆಯೇ ಉಳಿದರೆ ಕೊಳೆತಿದೆ. ಪೆಟ್ರೋಲ್ ವಾಸನೆ ಎಲ್ಲಿ ಬಂದರೂ ಉಳಿದ ಪರೀಕ್ಷೆ ನಿಲ್ಲಿಸಿ ಅದನ್ನೇ ಬೆನ್ನುಹತ್ತಿ.

ಎಣ್ಣೆ ಎಲ್ಲಿಂದ ಸೋರಿ ಯಾವ ರಬ್ಬರಿನ ಮೇಲೆ ಬೀಳುತ್ತಿದೆ ಎಂಬುದನ್ನು ತಪ್ಪದೆ ಬರೆದುಕೊಳ್ಳಿ. ಟ್ಯಾಪೆಟ್ ಕವರಿನಿಂದ ಸೋರಿದ ಎಣ್ಣೆ ಎಂಜಿನ್ ಮೌಂಟಿಂಗಿನ ಮೇಲೆ ತೊಟ್ಟಿಕ್ಕುತ್ತಿದ್ದರೆ ಹೊಸ ಮೌಂಟಿಂಗ್ ಹಾಕಿ ಏನೂ ಪ್ರಯೋಜನವಿಲ್ಲ. ಮೊದಲು ಸೋರಿಕೆ ನಿಲ್ಲಬೇಕು.

ಕಾಯಬಾರದ ಭಾಗಗಳು: ಬ್ರೇಕ್, ಇಂಧನ, ಟೈರ್

ಬ್ರೇಕ್ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಕೆಟ್ಟಿರಬಹುದು. ಒಳಪದರ ಉಬ್ಬಿ ಅಥವಾ ಕಿತ್ತುಬಂದು ದಾರಿ ಕಟ್ಟಿಕೊಂಡರೆ ಪೆಡಲ್ ತುಳಿದಾಗ ಒತ್ತಡ ಚಕ್ರಕ್ಕೆ ಹೋಗುತ್ತದೆ, ಬಿಟ್ಟಾಗ ವಾಪಸು ಬರುವುದಿಲ್ಲ. ಆ ಚಕ್ರ ಹಿಡಿದುಕೊಂಡೇ ಇರುತ್ತದೆ, ವಾಹನ ಒಂದು ಕಡೆಗೆ ಎಳೆಯುತ್ತದೆ, ಸ್ವಲ್ಪ ದೂರ ಹೋಗಿ ನಿಲ್ಲಿಸಿದರೆ ಆ ಒಂದು ಚಕ್ರದಿಂದ ಬಿಸಿ ಹೊಡೆಯುತ್ತದೆ. ಎಲ್ಲರೂ ಕ್ಯಾಲಿಪರನ್ನು, ಅಂದರೆ ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗವನ್ನು, ದೂರುತ್ತಾರೆ. ಚಕ್ರ ಹಿಡಿದುಕೊಂಡಿರುವಾಗ, ಅದು ಆರಿದ ಮೇಲೆ, ಹೋಸಿನ ಮೇಲ್ತುದಿಯಲ್ಲಿ ಲೋಹದ ಪೈಪ್ ಸೇರುವ ಯೂನಿಯನ್ನನ್ನು ಸ್ವಲ್ಪ ಸಡಿಲಿಸಿ. ಚಕ್ರ ಬಿಡಲಿಲ್ಲ, ಆದರೆ ಕ್ಯಾಲಿಪರಿನ ಬ್ಲೀಡ್ ಸ್ಕ್ರೂ ಸಡಿಲಿಸಿದಾಗ ಬಿಟ್ಟಿತು ಎಂದಾದರೆ ತಪ್ಪು ಹೋಸಿನದ್ದು. ಈ ಪರೀಕ್ಷೆ ಮಾಡಿದ ಮೇಲೆ ಬ್ರೇಕ್ ಬ್ಲೀಡ್ ಮಾಡದೆ (ಒಳಗೆ ಸೇರಿದ ಗಾಳಿ ಹೊರತೆಗೆಯದೆ) ವಾಹನ ಕದಲಿಸಬಾರದು.

ಹೋಸಿನಲ್ಲಿ ಬಿರುಕು, ಉಬ್ಬು, ಒದ್ದೆ ಯಾವುದು ಕಂಡರೂ ಬದಲಿಸಿ. ವಾಹನಕ್ಕೆ ವಯಸ್ಸಾಗಿದ್ದು ಹೋಸಿನ ಇತಿಹಾಸ ಗೊತ್ತಿಲ್ಲದಿದ್ದರೆ ಏನೂ ಕಾಣದಿದ್ದರೂ ಬದಲಿಸಿಬಿಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಆಕ್ಸಲ್‌ನ ಎರಡೂ ಕಡೆ ಒಟ್ಟಿಗೆ ಹಾಕಿ, ತಾಮ್ರದ ವಾಷರ್ ಇದ್ದರೆ ಹೊಸದನ್ನೇ ಬಳಸಿ. ಬಿಗಿದ ಮೇಲೆ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಹೋಸ್ ಎಲ್ಲೂ ತಿರುಚಿಕೊಂಡಿಲ್ಲ, ಚಕ್ರಕ್ಕೆ ಉಜ್ಜುತ್ತಿಲ್ಲ ಎಂದು ನೋಡಿ. ಕೆಲಸದ ನಡುವೆ ಕ್ಯಾಲಿಪರನ್ನು ಹೋಸಿನ ಮೇಲೆ ಜೋತುಬಿಡಬೇಡಿ, ತಂತಿಯಿಂದ ಮೇಲಕ್ಕೆ ಕಟ್ಟಿಕೊಳ್ಳಿ.

ಬ್ರೇಕಿನೊಳಗಿನ ಸೀಲ್‌ಗಳ ವಿಚಾರದಲ್ಲಿ ಒಂದೇ ನಿಯಮ: ಖನಿಜ ಎಣ್ಣೆಯ ಒಂದು ಹನಿಯೂ ತಾಗಬಾರದು. ಡಾಟ್ 3, ಡಾಟ್ 4, ಡಾಟ್ 5.1 ಇವು ಗ್ಲೈಕಾಲ್ ಆಧಾರಿತ ದ್ರವಗಳು. ಡಾಟ್ 5 ಸಿಲಿಕೋನಿನದ್ದು, ಅದನ್ನು ಇವುಗಳ ಜೊತೆ ಬೆರೆಸುವಂತಿಲ್ಲ. ಯಾರೋ ಅವಸರದಲ್ಲಿ ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ಬ್ರೇಕಿನ ಡಬ್ಬಿಗೆ ಸುರಿದರೆ ಮಾಸ್ಟರ್ ಸಿಲಿಂಡರಿನಿಂದ ಚಕ್ರದವರೆಗೆ ಸೀಲ್‌ಗಳೆಲ್ಲ ಉಬ್ಬುತ್ತವೆ. ಬರೀ ದ್ರವ ತೆಗೆದು ಹೊಸದು ತುಂಬಿದರೆ ಸಾಲದು. ರಬ್ಬರ್ ಇರುವ ಪ್ರತಿಯೊಂದು ಭಾಗವನ್ನೂ ಬದಲಿಸಬೇಕು. ಸರಿಯಾದ ದ್ರವವನ್ನೂ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು, ಏಕೆಂದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ.

ಇಂಧನ ಪೈಪಿನ ಅಪಾಯ ಬಿಡಿಸಿ ಹೇಳಬೇಕಿಲ್ಲ. ಹಳೆಯ ವಾಹನಗಳಿಗೆ ಇಲ್ಲಿ ಹೆಚ್ಚುವರಿ ತೊಂದರೆಯೆಂದರೆ ಎಥನಾಲ್. ಎಥನಾಲ್ ಬೆರೆತ ಪೆಟ್ರೋಲ್ ಬರುವ ಮುಂಚೆ ತಯಾರಾದ ಪೈಪ್, ಡಯಾಫ್ರಾಂ (ರಬ್ಬರ್ ಪೊರೆ), ಓ ರಿಂಗ್‌ಗಳು ಅದಕ್ಕೆ ಒಗ್ಗುವುದಿಲ್ಲ. ಉಬ್ಬುತ್ತವೆ, ಒಣಗಿದಾಗ ಬಿರಿಯುತ್ತವೆ, ಒಳಗಿನಿಂದ ಪುಡಿ ಉದುರಿಸಿ ಕಾರ್ಬುರೇಟರಿನ ಜೆಟ್ ಕಟ್ಟುತ್ತವೆ. ಹೊಸ ಪೈಪಿನ ಮೈಮೇಲೆ ಅಚ್ಚಾದ ದರ್ಜೆಯನ್ನು ಓದಿ ಕೊಳ್ಳಿ. ಎಸ್‌ಎಇ ಜೆ30 ಮಾನದಂಡದ ಆರ್9 ದರ್ಜೆಯ ಪೈಪಿನ ಒಳಪದರ ಫ್ಲೋರೋ ರಬ್ಬರಿನದ್ದು. ಎಥನಾಲ್ ಮಿಶ್ರಣವನ್ನೂ ಇಂಜೆಕ್ಷನ್ ವ್ಯವಸ್ಥೆಯ ಒತ್ತಡವನ್ನೂ ಅದು ತಾಳುತ್ತದೆ. ಟ್ಯಾಂಕಿನೊಳಗೆ ಮುಳುಗಿರುವ ತುಂಡಿಗೆ ಆರ್10 ಬೇಕು, ಹೊರಗಿನ ಪೈಪನ್ನೇ ಕತ್ತರಿಸಿ ಅಲ್ಲಿ ಹಾಕುವಂತಿಲ್ಲ. ಕೆಲಸಕ್ಕೆ ಮುಂಚೆ ಬ್ಯಾಟರಿ ಕಳಚಿ, ಇಂಜೆಕ್ಷನ್ ವಾಹನವಾದರೆ ಕೈಪಿಡಿಯಲ್ಲಿ ಹೇಳಿದಂತೆ ಒತ್ತಡ ಇಳಿಸಿ, ಬೆಂಕಿ ಆರಿಸುವ ಸಾಧನ ಕೈಗೆಟಕುವಂತಿರಲಿ.

ಹಳೆಯ ಕಾರ್ಬುರೇಟರ್ ಎಂಜಿನ್ನುಗಳಲ್ಲಿ ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಾಂ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು ಆಯಿಲಿನ ಮಟ್ಟವೂ ಏರಿದ್ದರೆ ಎಂಜಿನ್ ಚಾಲೂ ಮಾಡಬೇಡಿ.

ಟೈರಿನ ಪಕ್ಕದಲ್ಲಿ DOT ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ 4 ಅಂಕಿಗಳು ತಯಾರಾದ ವಾರ ಮತ್ತು ವರ್ಷ: 2319 ಎಂದಿದ್ದರೆ 2019ರ 23ನೇ ವಾರ. ಮೂರೇ ಅಂಕಿಗಳಿದ್ದರೆ ಆ ಟೈರ್ 2000ಕ್ಕಿಂತ ಹಿಂದಿನದು, ಅದರ ಮೇಲೆ ಓಡಿಸುವ ಮಾತೇ ಇಲ್ಲ. 5 ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಜಾಣರ ಕೈಯಲ್ಲಿ ಪರೀಕ್ಷಿಸಿ, 10 ವರ್ಷಕ್ಕೆ ಹೇಗಿದ್ದರೂ ತೆಗೆದುಬಿಡಿ ಎಂದು ಹಲವು ತಯಾರಕರೇ ಹೇಳುತ್ತಾರೆ. ಸ್ಟೆಪ್ನಿಗೂ ಇದೇ ಲೆಕ್ಕ. ಹಳೆಯ ವಾಹನಗಳು ಓಡುವುದು ಕಡಿಮೆಯಾದ್ದರಿಂದ ಟೈರಿನ ನೆಲ ತಾಗುವ ಭಾಗದ ಗೀರುಗಳು ಆಳವಾಗಿಯೇ ಉಳಿದಿರುತ್ತವೆ. ಅದನ್ನು ನೋಡಿ ಮೋಸಹೋಗುವವರೇ ಹೆಚ್ಚು. ಟೈರ್ ಬದಲಿಸುವಾಗ ರಬ್ಬರ್ ವಾಲ್ವನ್ನೂ ಬದಲಿಸಿ.

ಕೂಲೆಂಟ್ ಹೋಸ್

ರೇಡಿಯೇಟರ್ ಹೋಸ್ ಬಹಳ ಸಲ ಒಳಗಿನಿಂದ, ಅದೂ ತುದಿಗಳ ಹತ್ತಿರ ಕೆಡುತ್ತದೆ. ಕೂಲೆಂಟ್ ಮತ್ತು ಎರಡು ಕಡೆಯ ಲೋಹ ಸೇರಿದಾಗ ಹುಟ್ಟುವ ಸಣ್ಣ ವಿದ್ಯುತ್ ಕ್ರಿಯೆ ರಬ್ಬರಿನ ಒಳಮೈಯಲ್ಲಿ ಉದ್ದುದ್ದ ಸೀಳುಗಳನ್ನು ಮಾಡುತ್ತದೆ. ಪರೀಕ್ಷೆ ಹೀಗೆ: ತಣ್ಣಗಿನ ಹೋಸನ್ನು ಕ್ಲಾಂಪಿನಿಂದ ಎರಡು ಇಂಚಿನೊಳಗೆ ಹೆಬ್ಬೆರಳು ತೋರುಬೆರಳಿನಿಂದ ಹಿಸುಕಿ, ಆಮೇಲೆ ನಡುಭಾಗವನ್ನು ಹಿಸುಕಿ. ತುದಿ ನಡುವಿಗಿಂತ ಮೆತ್ತಗಿದ್ದರೆ, ಒಳಗೆ ಕಾಲುವೆಯಂತೆ ಗೆರೆ ಸಿಕ್ಕರೆ, ಅಥವಾ ಹಿಸುಕಿದಾಗ ಚಟಚಟ ಎಂದರೆ ಅದರ ಕಾಲ ಮುಗಿದಿದೆ. ಬದಲಿಸುವ ಕ್ರಮ:

1. ಎಂಜಿನ್ ತಣ್ಣಗಾದ ಮೇಲಷ್ಟೇ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಕೂಲೆಂಟನ್ನು ಅಗಲ ಪಾತ್ರೆಗೆ ಇಳಿಸಿ ಮುಚ್ಚಿಡಿ. ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ನಾಯಿ, ಬೆಕ್ಕು, ಮಕ್ಕಳ ಕೈಗೆ ಸಿಗಬಾರದು.

2. ಕ್ಲಾಂಪ್ ಸಡಿಲಿಸಿ. ಹೋಸ್ ಕಚ್ಚಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿ ಮೀಟಬೇಡಿ. ಹೇಗೂ ಎಸೆಯುವ ಹೋಸ್, ಉದ್ದಕ್ಕೆ ಬ್ಲೇಡಿನಿಂದ ಸೀಳಿ ಸುಲಿದು ತೆಗೆಯಿರಿ. ಹೀಟರಿನ ಪುಟ್ಟ ಪೈಪ್‌ಗಳಲ್ಲಂತೂ ಬಲ ಹಾಕಿದರೆ ಹೀಟರ್ ಕೋರೇ ಮುರಿಯುತ್ತದೆ, ಅದನ್ನು ಬದಲಿಸಲು ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು.

3. ಲೋಹದ ಮೂತಿಯ ಮೇಲಿನ ಬಿಳಿ ಪದರವನ್ನು ನಯವಾದ ಉಪ್ಪುಕಾಗದದಿಂದ ತೆಗೆದು ಒರೆಸಿ. ಗೀರು ಬಿದ್ದರೆ ಸೋರಿಕೆಗೆ ದಾರಿ.

4. ಕೆಳಗಿನ ಹಳೆಯ ಹೋಸಿನೊಳಗೆ ಸ್ಪ್ರಿಂಗ್ ಇತ್ತೇ ನೋಡಿ. ಪಂಪ್ ಎಳೆಯುವಾಗ ಹೋಸ್ ಚಪ್ಪಟೆಯಾಗದಂತೆ ಅದನ್ನು ಇಟ್ಟಿರುತ್ತಾರೆ. ಹೊಸದಕ್ಕೂ ಬೇಕೇ ಎಂಬುದನ್ನು ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ.

5. ಕ್ಲಾಂಪನ್ನು ಮೊದಲು ಹೋಸಿಗೆ ತೊಡಿಸಿ. ಜಾರಲು ಕೂಲೆಂಟನ್ನೇ ಸವರಿ, ಗ್ರೀಸ್ ಬೇಡ. ಮೂತಿಯ ಉಬ್ಬಿನ ಹಿಂದೆ ಕ್ಲಾಂಪ್ ಕೂರಬೇಕು. ಉಬ್ಬಿನ ಮೇಲೆ ಕೂತರೆ ರಬ್ಬರ್ ಕತ್ತರಿಸುತ್ತದೆ.

6. ಕೂಲೆಂಟ್ ತುಂಬಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಎಂಜಿನ್ ಓಡಿಸಿ ಗಾಳಿ ತೆಗೆಯಿರಿ. ಮರುದಿನ ತಣ್ಣಗಿರುವಾಗ ಮಟ್ಟ ನೋಡಿ, ಸ್ಕ್ರೂ ಕ್ಲಾಂಪನ್ನು ಇನ್ನೊಮ್ಮೆ ಹದವಾಗಿ ಬಿಗಿಯಿರಿ.

ಬೆಲ್ಟ್ ಮತ್ತು ಗಾಳಿಯ ಪೈಪ್‌ಗಳು

ಹಳೆಯ ಬಗೆಯ ವಿ ಬೆಲ್ಟ್ ಬಿರುಕು ಬಿಟ್ಟು, ಪಕ್ಕಗಳು ಗಾಜಿನಂತೆ ನುಣುಪಾಗಿ, ಕಿರುಚಿ ಸುಳಿವು ಕೊಡುತ್ತದೆ. ಇಪಿಡಿಎಂನ ಪಟ್ಟೆ ಬೆಲ್ಟ್ ಬಿರಿಯದೆಯೇ ಸವೆಯುತ್ತದೆ. ಅದರ ಗೀರುಗಳ ಆಳವನ್ನು ಗೇಜಿನಿಂದ ಅಳೆಯಬೇಕು. ಕಿರುಚುವ ಬೆಲ್ಟಿಗೆ ಸ್ಪ್ರೇ ಹೊಡೆದು ಸುಮ್ಮನಾಗಿಸುವುದು ಚಿಕಿತ್ಸೆಯಲ್ಲ. ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ, ಬಿಗಿ ಸರಿಯಿದೆಯೇ ನೋಡಿ.

ಟೈಮಿಂಗ್ ಬೆಲ್ಟನ್ನು ನೋಟದಿಂದ ಅಳೆಯಬೇಡಿ. ತಯಾರಕರು ಕಿಲೋಮೀಟರ್ ಮತ್ತು ವರ್ಷ ಎರಡನ್ನೂ ಹೇಳಿರುತ್ತಾರೆ, ಯಾವುದು ಮೊದಲು ಬರುತ್ತದೋ ಅದು. ಕೆಲವು ಎಂಜಿನ್ನುಗಳಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ವಾಲ್ವಿಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಕೊಂಡ ವಾಹನದಲ್ಲಿ ಬೆಲ್ಟ್ ಬದಲಿಸಿದ ದಾಖಲೆ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಕ್ರ್ಯಾಂಕಿನ ಮುಂದಿನ ಪುಲ್ಲಿಯಲ್ಲೂ ಎಷ್ಟೋ ಎಂಜಿನ್ನುಗಳಲ್ಲಿ ಎರಡು ಲೋಹದ ಬಳೆಗಳ ನಡುವೆ ರಬ್ಬರ್ ಇರುತ್ತದೆ. ಎರಡರ ಮೇಲೂ ಹಾಯುವಂತೆ ಬಣ್ಣದ ಒಂದು ಗೆರೆ ಎಳೆದಿಡಿ. ಮುಂದಿನ ಸಲ ನೋಡಿದಾಗ ಗೆರೆ ಮುರಿದಿದ್ದರೆ ಹೊರಬಳೆ ಜಾರಿದೆ, ಪುಲ್ಲಿ ಬದಲಿಸಬೇಕು.

ಎಂಜಿನ್ನಿನ ಹೀರುವ ಸೆಳೆತವನ್ನು ಸಾಗಿಸುವ ವ್ಯಾಕ್ಯೂಮ್ ಪೈಪ್‌ಗಳು ಅಗ್ಗದ ಪುಟ್ಟ ಭಾಗಗಳು, ಕೊಡುವ ಕಾಟ ದೊಡ್ಡದು. ಐಡಲ್ ಏರಿಳಿಯುವುದು, ಎಂಜಿನ್ ಉಸ್ಸೆನ್ನುವುದು, ಎಷ್ಟು ಟ್ಯೂನ್ ಮಾಡಿದರೂ ಹದಕ್ಕೆ ಬಾರದಿರುವುದು ಬಹಳ ಸಲ ಇವುಗಳಿಂದಲೇ. ಸಂಶಯದ ಕೀಲುಗಳ ಮೇಲೆ ಸೋಪಿನ ನೀರು ಸಿಂಪಡಿಸಿ, ಎಂಜಿನ್ನಿನ ಸದ್ದು ಬದಲಾದರೆ ಗಾಳಿ ಎಳೆಯುತ್ತಿರುವುದು ಅಲ್ಲೇ. ಬಿಸಿ ಎಂಜಿನ್ನಿನ ಮೇಲೆ ಉರಿಯುವ ಸ್ಪ್ರೇ ಹೊಡೆದು ಹುಡುಕುವ ಪದ್ಧತಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಪೆಡಲಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿನ ಪೈಪನ್ನು ಪರೀಕ್ಷಿಸಲು ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ತುಳಿದು, ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು.

ಬುಷ್ ಮತ್ತು ಮೌಂಟಿಂಗ್

ಸಸ್ಪೆನ್ಷನ್ ಬುಷ್‌ನ ಮೇಲ್ಮೈಯಲ್ಲಿ ಸಣ್ಣ ಗೆರೆಗಳಿದ್ದ ಮಾತ್ರಕ್ಕೆ ಹೆದರಬೇಕಿಲ್ಲ. ಲಿವರ್ ಹಾಕಿ ಹದವಾಗಿ ಮೀಟಿದಾಗ ರಬ್ಬರ್ ಲೋಹದ ಬಳೆಯಿಂದ ಬಿಟ್ಟುಕೊಂಡರೆ ಅಥವಾ ಸೀಳು ಆಳಕ್ಕೆ ಹೋಗಿದ್ದರೆ ಬದಲಿಸಿ.

ಬದಲಿಸುವವರಲ್ಲಿ ಹಲವರು ತಪ್ಪುವ ಒಂದು ಹೆಜ್ಜೆಯನ್ನು ಇಲ್ಲಿ ಒತ್ತಿ ಹೇಳಬೇಕು. ರಬ್ಬರ್ ಒಳಬಳೆ ಹೊರಬಳೆ ಎರಡಕ್ಕೂ ಅಂಟಿರುವ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ವಾಹನ ಸ್ಟ್ಯಾಂಡಿನ ಮೇಲಿದ್ದು ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ ಆ ಜೋತ ಸ್ಥಿತಿಯೇ ಬುಷ್‌ನ ವಿಶ್ರಾಂತಿ ಸ್ಥಿತಿಯಾಗುತ್ತದೆ. ನೆಲಕ್ಕಿಳಿದ ಕೂಡಲೇ ಅದು ತಿರುಚಿ, ನಿಂತಿದ್ದಾಗಲೂ ಹಗಲಿರುಳು ಹಾಗೆಯೇ ಇರುತ್ತದೆ. ಹೊಸ ಬುಷ್ ಬೇಗನೆ ಹರಿಯುವುದು ಇದರಿಂದ. ದೂರು ಬರುವುದು ಮಾತ್ರ ಬುಷ್ ತಯಾರಿಸಿದವರ ಮೇಲೆ. ಬೋಲ್ಟ್‌ಗಳನ್ನು ಮೊದಲು ಸಡಿಲವಾಗಿ ಕೂರಿಸಿ, ವಾಹನವನ್ನು ಚಕ್ರದ ಮೇಲೆ ಅಥವಾ ರ‍್ಯಾಂಪಿನ ಮೇಲೆ ನಿಲ್ಲಿಸಿ, ಎರಡು ಮೂರು ಸಲ ಒತ್ತಿ ಕುಲುಕಿಸಿ, ಆಮೇಲೆ ಹೇಳಿದ ಟಾರ್ಕಿಗೆ ಬಿಗಿಯಿರಿ. ಕೂರಿಸಲು ಸೋಪಿನ ನೀರು ಬಳಸಿ. ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಪಾಲಿಯುರೆಥೇನ್ ಬುಷ್ ಹೆಚ್ಚು ಬಾಳಬಹುದು, ಎಣ್ಣೆಗೂ ಅಂಜುವುದಿಲ್ಲ. ಆದರೆ ರಸ್ತೆಯ ಒರಟುತನವನ್ನೆಲ್ಲ ಒಳಗೆ ದಾಟಿಸುತ್ತದೆ. ಅದರದೇ ಗ್ರೀಸ್ ಹಚ್ಚದಿದ್ದರೆ ಕಿರುಗುಟ್ಟುತ್ತದೆ. ಸವಾರಿಯ ಮೃದುತನಕ್ಕಾಗಿ ಹಳೆಯ ವಾಹನವನ್ನು ಇಟ್ಟುಕೊಂಡವರಿಗೆ ಮೂಲದಂಥ ರಬ್ಬರೇ ಹಿತ.

ಗೇರಿನಲ್ಲಿ ನಿಂತಾಗ ಸ್ಟೀರಿಂಗ್ ನಡುಗಿದರೆ, ಆಕ್ಸಿಲರೇಟರ್ ಒತ್ತಿದಾಗ ಧಡ್ ಎಂದರೆ ಎಂಜಿನ್ ಮೌಂಟಿಂಗ್ ನೋಡಿ. ಒಳಗೆ ದ್ರವ ತುಂಬಿದ ಬಗೆಯದಾದರೆ ಒಡೆದಾಗ ಕಪ್ಪು ದ್ರವ ಸೋರಿದ ಕಲೆ ಇರುತ್ತದೆ. ಆಕ್ಸಲ್ಲಿನ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟ್ ಹರಿದಿದ್ದರೆ ಚಕ್ರದ ಒಳಬದಿಗೆ ಗ್ರೀಸ್ ಸಿಡಿದಿರುತ್ತದೆ. ಆಗಲೇ ಬೂಟ್ ಬದಲಿಸಿ, ಜಾಯಿಂಟ್ ತೊಳೆದು ಹೊಸ ಗ್ರೀಸ್ ತುಂಬಿದರೆ ಜಾಯಿಂಟ್ ಉಳಿಯುತ್ತದೆ. ತಿರುವಿನಲ್ಲಿ ಟಕಟಕ ಶುರುವಾದ ಮೇಲೆ ಬೂಟ್ ಹಾಕಿ ಲಾಭವಿಲ್ಲ.

ಬಾಗಿಲು, ಕಿಟಕಿ, ಗಾಜಿನ ಬೀಡಿಂಗ್

ಆರೈಕೆಗೆ ನಿಜವಾದ ಫಲ ಸಿಗುವುದು ಇಲ್ಲಿ. ಎಷ್ಟೋ ಹಳೆಯ ಮಾದರಿಗಳಿಗೆ ಹೊಸ ಬೀಡಿಂಗ್ ಸಿಗುವುದೇ ಕಷ್ಟ. ಹಾಗಾಗಿ ಇರುವುದನ್ನು ಉಳಿಸಿಕೊಳ್ಳುವ ಕೆಲಸಕ್ಕೆ ಅರ್ಧ ದಿನ ಎತ್ತಿಡಿ.

ಒಂದು ಬಾಲ್ದಿ ನೀರಿಗೆ ನಾಲ್ಕು ಹನಿ ಸೌಮ್ಯ ಶಾಂಪೂ ಸಾಕು. ಮೃದು ಬ್ರಷ್‌ನಿಂದ ಬೀಡಿಂಗ್‌ನ ತುಟಿಯನ್ನು ಎತ್ತಿ ಒಳಮಡಿಕೆಯನ್ನೂ ತೊಳೆಯಿರಿ. ಮರಳು ಕೂತಿರುವುದು ಅಲ್ಲಿ, ಪ್ರತಿ ಸಲ ಬಾಗಿಲು ಹಾಕಿದಾಗ ಅರೆಯುವುದೂ ಅದೇ. ಎರಡು ಸಲ ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಪೂರ್ತಿ ಒಣಗಲು ಬಿಡಿ. ಆಮೇಲೆ ನೂಲು ಬಿಡದ ಬಟ್ಟೆಗೆ ಕಡಲೆಕಾಳಿನಷ್ಟು ಸಿಲಿಕೋನ್ ಗ್ರೀಸ್ ತೆಗೆದುಕೊಂಡು ತೆಳುವಾಗಿ ಸವರಿ. ಸ್ವಲ್ಪ ಹೊತ್ತಿನ ನಂತರ ಮೇಲುಳಿದದ್ದನ್ನು ಒರೆಸಿಬಿಡಿ. ಬಿಟ್ಟರೆ ಧೂಳು ಅಂಟುತ್ತದೆ. ಗಾಜು ಜಾರುವ ಚಾನೆಲ್ಲಿಗೆ ಒಣಗುವ ಬಗೆಯ ಸಿಲಿಕೋನ್ ಅಥವಾ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ ಲೇಸು. ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಹಚ್ಚಿ. ಬ್ರೇಕ್ ಡಿಸ್ಕ್, ಪೆಡಲ್, ಟೈರಿನ ನೆಲ ತಾಗುವ ಭಾಗದ ಮೇಲೆ ಅದರ ಹನಿ ಬಿದ್ದರೆ ಅಪಾಯ. ಸದ್ಯದಲ್ಲೇ ಬಣ್ಣ ಹೊಡೆಸುವ ಯೋಚನೆ ಇದ್ದರೆ ಸಿಲಿಕೋನನ್ನು ಮುಂದಕ್ಕೆ ಹಾಕಿ, ಅದು ತಾಗಿದ ಜಾಗದಲ್ಲಿ ಬಣ್ಣ ಗುಳಿ ಗುಳಿಯಾಗಿ ಬಿಡುತ್ತದೆ.

ನೀರು ಒಳಗೆ ಬರುತ್ತಿದ್ದರೆ ಬೀಡಿಂಗ್ ಬದಲಿಸುವ ಮುಂಚೆ ಬಾಗಿಲು ತಗ್ಗಿದೆಯೇ ನೋಡಿ. ಒಂದು ಕಾಗದದ ಪಟ್ಟಿಯನ್ನು ಬೀಡಿಂಗ್‌ಗೂ ಬಾಡಿಗೂ ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಎಳೆಯಬೇಕಾದರೆ ಸರಿ, ಸುಮ್ಮನೆ ಜಾರಿ ಬಂದರೆ ಅಲ್ಲಿ ಸಂದಿದೆ. ಸುತ್ತಲೂ ಹೀಗೆ ನೋಡುತ್ತಾ ಹೋಗಿ. ಬೀಡಿಂಗ್‌ಗೆ ಸೀಮೆಸುಣ್ಣ ಉಜ್ಜಿ ಬಾಗಿಲು ಹಾಕಿ ತೆಗೆದರೂ ಬಾಡಿಯ ಮೇಲೆ ಗುರುತು ಬೀಳದ ಜಾಗ ಕಾಣುತ್ತದೆ. ಒಂದೇ ಕಡೆ ಸಂದಿ ಇದ್ದರೆ ಹಿಂಜ್ ಪಿನ್ ಸವೆದಿರಬಹುದು, ಲಾಕ್ ಸ್ಟ್ರೈಕರ್ ಸರಿದಿರಬಹುದು. ಬಾಗಿಲಿನ ತಳದ ನೀರಿಳಿಯುವ ತೂತುಗಳನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ಆಮೇಲೂ ನೀರು ಬಂದರೆ ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂತಿರಲಿ, ಇನ್ನೊಬ್ಬರು ಒತ್ತಡವಿಲ್ಲದ ನೀರನ್ನು ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ಹರಿಸಲಿ. ಮೇಲಿನಿಂದ ಸುರಿದರೆ ಎಲ್ಲ ಕಡೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ.

ಹೊಸ ಬೀಡಿಂಗ್ ಹಾಕುವಾಗ ಹಳೆಯ ಅಂಟನ್ನೂ ತುಕ್ಕನ್ನೂ ಪೂರ್ತಿ ತೆಗೆದು ಬಣ್ಣ ಮುಟ್ಟಿಸಿ ಒಣಗಿಸಿ. ಮೂಲೆಗಳನ್ನು ಮೊದಲು ಕೂರಿಸಿ, ನಡುಭಾಗವನ್ನು ಆಮೇಲೆ ಒತ್ತುತ್ತಾ ಬನ್ನಿ. ಎಳೆದು ಕೂರಿಸಬೇಡಿ. ಎಳೆದ ರಬ್ಬರ್ ಕೆಲವು ವಾರದಲ್ಲಿ ಹಿಂದಕ್ಕೆ ಸರಿದು ಜೋಡಣೆ ಬಾಯಿಬಿಡುತ್ತದೆ. ಜೋಡಣೆ ಬಾಗಿಲಿನ ಕೆಳಅಂಚಿಗೆ ಬರಲಿ.

ದ್ವಿಚಕ್ರ ವಾಹನದವರಿಗೆ

ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಮ್ಯಾನಿಫೋಲ್ಡನ್ನು ಕಳಚಿ ಬಗ್ಗಿಸಿ ನೋಡಿ, ಲೋಹದ ಅಂಚಿನ ಬಳಿಯೇ ಬಿರುಕು ಹುಟ್ಟುವುದು. ಗಾಳಿ ಎಳೆದರೆ ಪೆಟ್ರೋಲಿನ ಪ್ರಮಾಣ ತಗ್ಗಿ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಫೋರ್ಕಿನ ನಳಿಗೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಸೀಲ್ ಬದಲಿಸುವ ಮುಂಚೆ ಧೂಳಿನ ಕವಚ ಇಳಿಸಿ, ತೆಳು ಪ್ಲಾಸ್ಟಿಕ್ ಹಾಳೆಯ ತುಂಡನ್ನು ಸೀಲಿನ ತುಟಿಯಡಿ ತೂರಿಸಿ ಸುತ್ತ ಆಡಿಸಿ. ಮರಳಿನ ಕಣ ಸಿಕ್ಕಿಕೊಂಡದ್ದೇ ಕಾರಣವಾದರೆ ಸೋರಿಕೆ ಅಷ್ಟಕ್ಕೇ ನಿಲ್ಲುತ್ತದೆ. ಹಿಂಚಕ್ರದ ಹಬ್ಬಿನೊಳಗಿನ ರಬ್ಬರ್‌ಗಳು ಸವೆದರೆ ಆಕ್ಸಿಲರೇಟರ್ ಕೊಟ್ಟು ಬಿಟ್ಟಾಗ ಜರ್ಕ್ ಹೊಡೆಯುತ್ತದೆ, ಚೈನ್ ದೂರುವ ಮೊದಲು ಅವನ್ನು ನೋಡಿ.

ಕೊಳ್ಳುವಾಗ, ಇಡುವಾಗ

ಮೂಲ ತಯಾರಕರ ಹಳೆಯ ದಾಸ್ತಾನು ಸಿಕ್ಕಿತೆಂದು ಹಿಗ್ಗುವ ಮುಂಚೆ ಪೊಟ್ಟಣದ ಮೇಲಿನ ದಿನಾಂಕ ನೋಡಿ. 25 ವರ್ಷ ಗೋದಾಮಿನಲ್ಲಿದ್ದ ಬ್ರೇಕ್ ಹೋಸ್ ಬಳಸದಿದ್ದರೂ 25 ವರ್ಷದ ಹೋಸ್. ಲೋಹದ ಬಿಡಿಭಾಗಕ್ಕೆ ಹಳೆಯ ದಾಸ್ತಾನು ವರ, ಬ್ರೇಕ್ ಮತ್ತು ಇಂಧನದ ರಬ್ಬರಿಗೆ ಅದನ್ನು ನಂಬಬೇಡಿ, ಇತ್ತೀಚೆಗೆ ತಯಾರಾದದ್ದನ್ನೇ ಕೊಳ್ಳಿ.

ಕೊಂಡಿಟ್ಟ ರಬ್ಬರನ್ನು ಗಾಳಿಯಾಡದ ಚೀಲದಲ್ಲಿ, ತಂಪಾದ ಕತ್ತಲ ಜಾಗದಲ್ಲಿ, ಮಡಿಸದೆ ಇಡಿ. ಮೊಳೆಗೆ ನೇತುಹಾಕಿದರೆ ಎಳೆತ ಬಿದ್ದ ಜಾಗದಲ್ಲೇ ಬಿರಿಯುತ್ತದೆ. ಕಿಡಿ ಹಾರುವ ಮೋಟಾರ್, ವೆಲ್ಡಿಂಗ್ ಯಂತ್ರಗಳ ಹತ್ತಿರ ಬೇಡ, ಅವು ಓಝೋನ್ ಹುಟ್ಟಿಸುತ್ತವೆ. ಬಿಚ್ಚಿಟ್ಟ ಬರೀ ಟೈರನ್ನು ನಿಲ್ಲಿಸಿಡಿ, ಆಗಾಗ ಸ್ವಲ್ಪ ಉರುಳಿಸಿ. ರಿಮ್ ಸಮೇತ ಗಾಳಿ ತುಂಬಿದ್ದಾದರೆ ಒಂದರ ಮೇಲೊಂದು ಮಲಗಿಸಬಹುದು.

ವಾಹನವನ್ನೇ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಎಣ್ಣೆ ಚೆಲ್ಲದ ಒಣ ನೆಲದ ಮೇಲೆ, ಬಿಸಿಲು ತಾಗದ ಕಡೆ, ಗಾಳಿಯಾಡುವ ಹೊದಿಕೆ ಹಾಕಿ ನಿಲ್ಲಿಸಿ. ಟೈರಿನ ಗಾಳಿಯನ್ನು ತಯಾರಕರು ಹೇಳಿದ ಗರಿಷ್ಠ ಮಿತಿಯೊಳಗೆ ಸ್ವಲ್ಪ ಹೆಚ್ಚಿಸಿ, ಎರಡು ಮೂರು ವಾರಕ್ಕೊಮ್ಮೆ ವಾಹನವನ್ನು ಹೊರಗೆ ತೆಗೆದು ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ. ವೈಪರ್ ಬ್ಲೇಡ್‌ಗಳನ್ನು ಗಾಜಿನಿಂದ ಎತ್ತಿ ನಿಲ್ಲಿಸಿ. ಪರೀಕ್ಷೆಯ ದಿನ ಬರೆದ ಆ ನೋಟ್‌ಬುಕ್ಕನ್ನು ಡ್ಯಾಶ್‌ಬೋರ್ಡಿನಲ್ಲೇ ಇಟ್ಟು, ಯಾವ ಹೋಸ್, ಯಾವ ಬೆಲ್ಟ್, ಯಾವ ಟೈರ್ ಯಾವ ತಿಂಗಳಲ್ಲಿ ಹಾಕಿದ್ದು ಎಂದು ಸೇರಿಸುತ್ತಾ ಬನ್ನಿ.